ಚಿರತೆಯ ಕತ್ತಿನ ಗೆರೆ

ಆ ವರ್ಷದ ಚಳಿಗಾಲವೆಲ್ಲ ಕಸ್ತೂರಮ್ಮನಿಗೆ ಯಾರ ಕತ್ತು ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ಮೊಸರು ಮಾರುವವಳ ಕತ್ತು, ಬಸ್ಸಿನಲ್ಲಿ ಮುಂದಿನ ಸೀಟಿನವರ ಕತ್ತು, ಕಡೆಗೆ ಹಿತ್ತಲ ಎಮ್ಮೆಯ ಕೊರಳ ಹಗ್ಗ ಕೂಡ. ಊರಿನವರ ಕತ್ತಿನ ಮೇಲೆ ಪೆನ್ಸಿಲ್ ಆಡಿಸಿಕೊಂಡೇ ಹದಿನೆಂಟು ವರ್ಷ ಬಾಳಿದ್ದ ಹೆಂಗಸು ಅವಳು.

ಗಂಡ ಮುರುಗೇಶಪ್ಪನದು ಚನ್ನಗಿರಿಯಲ್ಲಿ ಫೋಟೊ ಸ್ಟುಡಿಯೊ. ಮುಂದುಗಡೆ ಗಾಜಿನ ಪೆಟ್ಟಿಗೆ, ಅದರೊಳಗೆ ಚೆಂದ ಬಂದ ಫೋಟೊಗಳು. ಒಳಗೆ ಕೊಳ, ಹಂಸ ಬರೆದ ಪರದೆ. ಪರದೆಯ ಹಿಂದೆ ಕತ್ತಲೆ ಕೋಣೆ, ಅದರ ಪಕ್ಕದ ಕಿಟಕಿಯ ಬಳಿ ಕಸ್ತೂರಮ್ಮನ ಟಚಪ್ ಡೆಸ್ಕು. ಡೆಸ್ಕು ಅಂದರೆ ಇಳಿಜಾರಾದ ಹಲಗೆ, ಅದರ ನಡುವೆ ಕಿಂಡಿ, ಕಿಂಡಿಗೆ ಹಾಲುಗಾಜು, ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಗಾಜಿಗೆ ಚಿಮ್ಮುತ್ತಿತ್ತು. ಕರೆಂಟು ಹೋದರೂ ಅವಳ ಕೆಲಸ ನಿಲ್ಲುತ್ತಿರಲಿಲ್ಲ.

ನೆಗೆಟಿವ್‌ನಲ್ಲಿ ಲೋಕವೆಲ್ಲ ತಿರುಗಾಮುರುಗಾ. ಕರೀ ಕೂದಲು ಬೆಳ್ಳಗೆ, ಬಿಳೀ ಹಲ್ಲು ಕರ್ರಗೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕುಳಿ, ಕತ್ತಿನ ಮಡಿಕೆ, ಇವುಗಳ ನೆರಳು ಅಲ್ಲಿ ನೀರಿನ ಹಾಗೆ ತೆಳ್ಳಗೆ ಕಾಣುತ್ತದೆ. ಆ ತೆಳು ಜಾಗಕ್ಕೆ ಸೂಜಿಯಂತೆ ಮಸೆದ ಪೆನ್ಸಿಲ್ಲಿನಿಂದ ಚುಕ್ಕಿ ಚುಕ್ಕಿ ತುಂಬಿದರೆ ಸಾಕು, ಫೋಟೊದಲ್ಲಿ ಕಲೆ ಮಾಯ. ನ್ಯಾಮತಿಯ ತೌರಿನಲ್ಲಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಕಸ್ತೂರಮ್ಮನಿಗೆ ಈ ಕೆಲಸ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮೊರದ ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು, ಚುಕ್ಕಿ ರಂಗೋಲಿ ಹಾಕಿದ ಬೆರಳು, ಅಷ್ಟೇ ಅವಳ ಬಂಡವಾಳ. ಹೆಣ್ಣು ತೋರಿಸುವ ಫೋಟೊ ತೆಗೆಸಲು ಸಾಸ್ವೆಹಳ್ಳಿ ಕಡೆಯವರೂ ಚನ್ನಗಿರಿಗೇ ಬರುತ್ತಿದ್ದರು.

"ಕಸ್ತೂರಕ್ಕ, ಕತ್ತಿನ ಮಡಿಕೆ ಹೋಗ್ಲಿ, ಸರ ಮಾತ್ರ ಹೋಗಬಾರ್ದು ನೋಡ್ರಿ," ಎಂದು ಅಡಿಕೆ ಮಂಡಿಯವರ ಮನೆಯ ಸರ್ವಮಂಗಳಮ್ಮ ಪರದೆಯಾಚೆಯಿಂದಲೇ ಕೂಗಿ ಹೇಳುತ್ತಿದ್ದಳು.

"ನಿಮ್ಮ ಸರ ಎಲ್ಲಿಗೂ ಹೋಗಲ್ಲ ಕಣ್ರೀ. ಮಡಿಕೆ ಒಳಗೆ ಸಿಕ್ಕಂಡೈತೆ," ಎಂದು ಕಸ್ತೂರಮ್ಮ ಒಳಗಿನಿಂದ.

ಊರಿನಲ್ಲಿ ಒಂದು ಮಾತಿತ್ತು: ಫೋಟೊ ತೆಗೆಯೋದು ಮುರುಗೇಶಪ್ಪ, ಮಾಡೋದು ಕಸ್ತೂರಮ್ಮ. ಹೇಳುವವರು ತಮಾಷೆಗೆ ಹೇಳುತ್ತಿದ್ದರು. ಮುರುಗೇಶಪ್ಪನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ಮಾತ್ರ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದ. ಅದು ಅವಳಿಗೊಬ್ಬಳಿಗೇ ಗೊತ್ತು.

ಎಪ್ಪತ್ತೊಂಬತ್ತನೇ ಇಸವಿ, ದೀಪಾವಳಿ ಕಳೆದಿತ್ತು. ಉಬ್ರಾಣಿ ಕಡೆ ಗುಡ್ಡದ ಕೆಳಗೆ ಮೇಕೆ ಸಾಕಿಕೊಂಡಿದ್ದ ಚಿಕ್ಕಹನುಮಂತಪ್ಪ ಪೇಟೆಗೆ ಬಂದವನು ಸ್ಟುಡಿಯೊದ ಮೆಟ್ಟಿಲ ಮೇಲೆ ಕೂತು, ತನ್ನ ಮೇಕೆಯೊಂದನ್ನು ಚಿರತೆ ಹಿಡಿದದ್ದನ್ನೂ, ಅರ್ಧ ತಿಂದು ಬಂಡೆಯ ಮೇಲೆ ಬಿಟ್ಟುಹೋದದ್ದನ್ನೂ ಹೇಳಿದ. ಉಳಿದರ್ಧಕ್ಕೆ ಬಂದೇ ಬರುತ್ತದೆ ಎಂದ.

ಮುರುಗೇಶಪ್ಪ ಅವತ್ತೇ ಹೊರಟ. ಇದ್ದದ್ದು ಮದುವೆ ಫೋಟೊ ತೆಗೆಯುವ ಮರದ ಸ್ಟ್ಯಾಂಡ್ ಕ್ಯಾಮೆರಾ, ತಲೆಗೆ ಹೊದೆಯುವ ಕರೀ ಬಟ್ಟೆ, ಅಂಗೈ ಅಗಲದ ಎರಡೇ ಎರಡು ಫಿಲ್ಮು. ಹತ್ತು ಮಾರು ದೂರದಲ್ಲಿ ಸೊಪ್ಪಿನ ಮರೆ ಕಟ್ಟಿ, ಬಂಡೆಯ ಮೇಲೆ ಚಿಕ್ಕಹನುಮಂತಪ್ಪನನ್ನೇ ನಾಲ್ಕು ಕಾಲಲ್ಲಿ ಕೂರಿಸಿ, "ಅಲ್ಲಾಡಬ್ಯಾಡಪ್ಪ," ಎಂದು ಅಳತೆ ಹೊಂದಿಸಿ, ಅವನನ್ನು ಹಟ್ಟಿಗೆ ಕಳಿಸಿ ಒಬ್ಬನೇ ಕಾದನಂತೆ. ಮರುದಿನ ಹೊತ್ತು ಮೂಡುವಾಗ ಚಿರತೆ ಬಂತು. ಮೊದಲನೆಯ ಫಿಲ್ಮು ಅವಸರಕ್ಕೆ ಹಾಳು. ಎರಡನೆಯದಕ್ಕೆ ಕ್ಯಾಮೆರಾದ ಕಣ್ಣು ತೆರೆಸುವ ರಬ್ಬರ್ ಉಂಡೆ ಹಿಚುಕಿದಾಗ ಚಿರತೆ ತಲೆಯೆತ್ತಿ ಬೆಳಕಿನ ಕಡೆ ನೋಡುತ್ತಿತ್ತು.

"ನಾನು ನೋಡಿದ್ದು ಬರೀ ಕಣ್ಣು ಕಣೇ," ಎಂದು ಅವನು ಬಂದು ಹೇಳಿದ. "ಮೈ ಹೆಂಗಿತ್ತು ಅಂತ ಕೇಳಿದ್ರೆ ಗೊತ್ತೇ ಇಲ್ಲ."

ನೆಗೆಟಿವ್ ತೊಳೆದು ಒಣಗಿಸಿದ ಮೇಲೆ ಅದನ್ನು ಕವರಿನಲ್ಲಿಟ್ಟು, ಕವರನ್ನು ಡೆಸ್ಕಿನ ಗೂಡಿನಲ್ಲಿಟ್ಟು, ಹೆಂಡತಿಯ ಕಡೆ ತಿರುಗಿದ. "ಇದಕ್ಕೆ ನಿನ್ನ ಪೆನ್ಸಿಲ್ ತಾಗಿಸಬ್ಯಾಡ. ಇದೊಂದು ನನ್ನದಾಗಿ ಇರ್ಲಿ."

"ಆಯ್ತು ಬಿಡ್ರಿ," ಎಂದಳು ಕಸ್ತೂರಮ್ಮ. ಆಗ ಆ ಮಾತನ್ನು ಮನಸಾರೆಯೇ ಆಡಿದ್ದಳು.

ಅವನು ಹೊನ್ನಾಳಿಯ ಮದುವೆಗೆಂದು ಎರಡು ದಿನ ಹೋದ. ಮಧ್ಯಾಹ್ನ ಕೈಯಲ್ಲಿ ಕೆಲಸವಿರಲಿಲ್ಲ. ಬರೀ ನೋಡೋಣವೆಂದು ನೆಗೆಟಿವ್ ತೆಗೆದು ಗಾಜಿನ ಮೇಲಿಟ್ಟು ದಪ್ಪ ಮಸೂರ ಹಿಡಿದಳು. ಹೆಬ್ಬೆರಳಿನಷ್ಟು ಚಿರತೆ, ಮೈಮೇಲೆ ಬಿಳಿ ಚುಕ್ಕಿ, ಕರೀ ಮೋರೆ. ಎಷ್ಟು ಚೆಂದ ಕೂತಿದೆ! ಕತ್ತಿನ ಸುತ್ತ ಮಾತ್ರ ಒಂದು ತೆಳು ಗೆರೆ. ಈ ಗೌಡತಿಗೂ ವಯಸ್ಸಾಯಿತಲ್ಲ ಎಂದು ನಗು ಬಂತು. ಅದೊಂದು ಮಡಿಕೆ ಇಲ್ಲದಿದ್ದರೆ ಇವರ ಫೋಟೊಗೆ ಎದುರೇ ಇಲ್ಲ ಅನ್ನಿಸಿತು. ಅನ್ನಿಸುವಷ್ಟರಲ್ಲಿ ಬೆರಳು ಪೆನ್ಸಿಲ್ ಹಿಡಿದಿತ್ತು. ಕಾಲು ಗಂಟೆಯ ಕೆಲಸ. ಗೆರೆ ಹೋಯಿತು, ನೆಗೆಟಿವ್ ಕವರಿಗೆ ಹೋಯಿತು.

ಮುರುಗೇಶಪ್ಪ ಬಂದು ಅದನ್ನು ದೊಡ್ಡದು ಮಾಡಿದ. ಮೊದಲೊಂದು ಸಣ್ಣ ಕಾಪಿ ತೆಗೆದು ಅದರ ಮೇಲೆ ಕಪ್ಪು ರಟ್ಟಿನ ಎರಡು ಮೂಲೆಪಟ್ಟಿ ಇಟ್ಟು, ಚೌಕಟ್ಟನ್ನು ಅತ್ತಿತ್ತ ಸರಿಸಿ ನೋಡಿದ. "ಮದುವೆ ಹೆಣ್ಣಾಗ್ಲಿ, ಚಿರತೆ ಆಗ್ಲಿ, ನೋಡೋ ಕಡೀಗೆ ಜಾಗ ಬಿಡಬೇಕು. ಬೆನ್ನ ಹಿಂದೆ ಜಾಗ ಯಾಕೆ? ಅಲ್ಲಿ ಎಂಥದೋ ಒಣ ಬಳ್ಳಿ ಬ್ಯಾರೆ ಬಿದ್ದೈತೆ," ಎಂದು ಹಿಂಬದಿಯನ್ನು ಪೂರಾ ತೆಗೆದುಹಾಕಿದ. ಬಂಡೆಯ ಹಿಂದಿನ ಪೊದೆ ಕಣ್ಣಿಗೆ ಹೊಡೆಯುತ್ತಿತ್ತು. ಚಿರತೆಯ ಮೇಲೆ ಕೈ ಅಡ್ಡ ಹಿಡಿದು, ಪೊದೆಗಷ್ಟೇ ಬೆಳಕು ಇನ್ನೊಂದಿಷ್ಟು ಬಿಟ್ಟು ಅದನ್ನು ಕಪ್ಪಾಗಿಸಿದ. ಕತ್ತಲಿನಿಂದ ಎದ್ದು ಬಂದ ಹಾಗೆ ಚಿರತೆ ಕೂತಿತು.

ಗಾಜಿನ ಪೆಟ್ಟಿಗೆಯಲ್ಲಿ ಅದನ್ನಿಟ್ಟ ದಿನ ಬೀದಿಯಲ್ಲಿ ಸೈಕಲ್ಲುಗಳು ನಿಂತವು. ಯಾರೋ ಒಬ್ಬರು, "ಇದಕ್ಕೂ ಕಸ್ತೂರಕ್ಕಂದು ಸ್ನೋ ಪೌಡ್ರು ಆಗೈತೇನೋ?" ಎಂದರು. ಮುರುಗೇಶಪ್ಪ ಎದೆಯ ಮೇಲೆ ಕೈಯಿಟ್ಟು, "ನಮ್ಮಪ್ಪನಾಣೆ, ಒಂದು ಗೆರೆ ಪೆನ್ಸಿಲ್ ತಾಗಿಲ್ಲ," ಎಂದ. ಪರದೆಯ ಹಿಂದೆ ಕಸ್ತೂರಮ್ಮ ಪೆನ್ಸಿಲ್ ಕೆಳಗಿಟ್ಟು ಎದ್ದು ಪರದೆಯ ಅಂಚು ಸರಿಸಿದಳು. ಈಗ ಹೇಳಿಬಿಡಲೇ ಅಂದುಕೊಂಡಳು. ಅವನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಆ ಮುಖ ಅಷ್ಟು ಅರಳಿದ್ದನ್ನು ಕಂಡಿರಲಿಲ್ಲ. ಮತ್ತೆ ಡೆಸ್ಕಿಗೆ ಹೋಗಿ ಕೂತಳು.

ಜೀಪಿನಲ್ಲಿ ಹೋಗುತ್ತಿದ್ದ ಅರಣ್ಯದ ಸಾಹೇಬರೊಬ್ಬರು ಇಳಿದು ನೋಡಿ, ಒಂದು ಕಾಪಿ ಮಾಡಿಸಿಕೊಂಡು ಹೋಗಿ ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಹಾಕಿಸಿದರಂತೆ.

ಹದಿನೈದು ದಿನ ಆಗಿರಬೇಕು. ಚಿಕ್ಕಹನುಮಂತಪ್ಪ ಮತ್ತೆ ಬಂದ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಬಹಳ ಹೊತ್ತು ಫೋಟೊ ನೋಡುತ್ತ ನಿಂತ.

"ಏನ್ಲಾ ಹಂಗೆ ನೋಡ್ತೀಯ? ನಿನ್ ಮೇಕೆ ಅದರ ಹೊಟ್ಟೆಯಾಗೆ ಕಾಣ್ತೈತೇನು?" ಎಂದ ಮುರುಗೇಶಪ್ಪ.

ಅವನು ನಗಲಿಲ್ಲ. "ಮೊನ್ನೆ ಹಳ್ಳದಾಗೆ ಅದು ನೀರು ಕುಡಿಯಾದು ಕಂಡೆ ಸಾವ್ಕಾರ್ರೆ. ಕುಡಿದ ನೀರು ಬಾಯಿಂದ ವಾಪಸ್ ಬರ್ತಿತ್ತು. ಕತ್ತಿನಾಗೆ ತಂತಿ. ಸರ ಹಾಕ್ಕಂಡಂಗೆ. ಹಂದಿಗೆ ಇಕ್ಕಿದ್ದ ಉರುಲು ಕಿತ್ಕಂಡು ಬಂದೈತೆ ಅಂತ ನಾನು. ಓಡಾಕೆ ಉಸಿರಿಲ್ಲ, ಅದ್ಕೇ ಹಟ್ಟಿ ಸುತ್ತ ಸುಳೀತೈತೆ. ಇವತ್ತು ಮೇಕೆ, ನಾಳೆ ಕೂಸು. ಬೋನು ಇಡ್ರಿ ಅಂತ ಸಾಹೇಬ್ರ ತಾವ ಹೋಗಿದ್ದೆ."

"ಏನಂದ್ರು?"

"ನಿಮ್ಮ ಪಟ ತೋರ್ಸಿದ್ರು. ನೋಡಯ್ಯ, ಕತ್ತು ಹೆಂಗೆ ನುಣ್ಣಗೈತೆ, ತಂತಿ ಎಲ್ಲೈತೆ ಅಂದ್ರು. ಗಟ್ಟಿಮುಟ್ಟು ಪ್ರಾಣಿ, ತಾನೇ ಗುಡ್ಡ ಹತ್ತುತೈತೆ, ಹೋಗು ಅಂದ್ರು. ಬೋನು ಇರಾದು ಒಂದೇ ಅಂತೆ, ಅದೂ ಬ್ಯಾರೆ ಕಡೆ ಐತಂತೆ."

"ನಾನು ಹತ್ತು ಮಾರಿನಿಂದ ತೆಗೆದೀನಪ್ಪ. ತಂತಿ ಇದ್ದಿದ್ರೆ ಬರ್ತಿರಲಿಲ್ವಾ?"

ಚಿಕ್ಕಹನುಮಂತಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದ. "ಹಂಗಾರೆ ನನ್ ಕಣ್ಣೇ ಮಂಜಾಗೈತೆ ಬಿಡ್ರಿ. ವಯಸ್ಸಾತು. ಮಗಳು ತಿಪ್ಪಮ್ಮ ಬಾಣಂತನಕ್ಕೆ ಬಂದಾಳೆ. ನಮ್ಮ ಗುಡಿಸಲಿಗೆ ಬಾಗಿಲೆಲ್ಲೈತೆ, ತಡಿಕೆ. ಅವಳ್ನೂ ಕೂಸನ್ನೂ ಕೆರೆಬಿಳಚಿಗೆ ಗಂಡನ ಮನೀಗೆ ಕಳಿಸಿಬಿಡಾನ ಅಂತಿದ್ದೆ. ಇದನ್ನ ನೋಡಿದ ಮ್ಯಾಲೆ ಧೈರ್ಯ ಬಂತು. ಇನ್ನೊಂದು ತಿಂಗಳು ಇರ್ಲಿ."

ಅವನು ಬೀಡಿ ಹಚ್ಚಿಕೊಂಡು ಹೋದ. ಪರದೆಯ ಹಿಂದೆ ಕಸ್ತೂರಮ್ಮನ ಕೈಯಲ್ಲಿದ್ದ ಪೆನ್ಸಿಲ್ಲಿನ ಮೊನೆ ಯಾರದೋ ಹಾಲ್‌ಟಿಕೆಟ್ಟಿನ ಫೋಟೊದ ಮೇಲೆ ಮುರಿದು ಬಿದ್ದಿತ್ತು.

ಅವತ್ತು ಹೇಳಬೇಕಿತ್ತು. ಮುರುಗೇಶಪ್ಪ ಕರೀ ಬಟ್ಟೆ ಮಡಚಿಕೊಂಡು ಜಗಳೂರಿಗೆ ಹೊರಟು ನಿಂತಿದ್ದ. ಅಲ್ಲಿನ ಶಾಲೆಗಳ ಗ್ರೂಪ್ ಫೋಟೊ, ಮೂರು ದಿನದ ಕೆಲಸ. ಬಸ್ಸಿನ ಹೊತ್ತಾಗಿತ್ತು. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆ ಮೂರು ದಿನ ತನ್ನನ್ನೇ ಬೈದುಕೊಂಡಳು.

ಮೊದಲನೆಯ ದಿನ, ಅದು ಮಡಿಕೆಯೇ ಇರಬೇಕು ಎಂದು ಮನಸ್ಸಿಗೆ ಹೇಳಿಕೊಂಡಳು. ನೆಗೆಟಿವ್ ತೆಗೆದು ಮಸೂರ ಹಿಡಿದರೆ ಅಲ್ಲಿ ಕಾಣುವುದು ತನ್ನದೇ ಪೆನ್ಸಿಲ್ಲಿನ ಚುಕ್ಕಿ. ಅದರ ಕೆಳಗೆ ಏನಿತ್ತು? ನೆನಪು ಮಾಡಿಕೊಂಡಷ್ಟೂ ಒಮ್ಮೆ ಮಡಿಕೆ ಅನ್ನಿಸುವುದು, ಒಮ್ಮೆ ತಂತಿ ಅನ್ನಿಸುವುದು. ಎರಡನೆಯ ದಿನ ಒಲೆಯ ಪಕ್ಕ ಮಲಗಿದ್ದ ಮನೆಯ ಬೆಕ್ಕನ್ನು ಹಿಡಿದು ತೊಡೆಯ ಮೇಲೆ ಹಾಕಿಕೊಂಡು, ಕತ್ತಿನ ಕೂದಲು ಬಿಡಿಸಿ ಬಿಡಿಸಿ ನೋಡಿದಳು. ಅತ್ತ ತಿರುಗಿಸಿದರೂ ಇತ್ತ ತಿರುಗಿಸಿದರೂ ಕೂದಲು ಕೂದಲಿನ ಮೇಲೆ ನುಣ್ಣಗೆ ಕೂರುತ್ತಿತ್ತು. ಎಲ್ಲಿಯೂ ಗೆರೆ ಬೀಳಲಿಲ್ಲ. ಬೆಕ್ಕು ಪರಚಿ ಓಡಿತು. ಅವಳು ಅಲ್ಲಿಯೇ ಕೂತುಬಿಟ್ಟಳು.

ಮೂರನೆಯ ದಿನ ಬೆಳಗ್ಗೆ ಉಬ್ರಾಣಿ ಬಸ್ಸಿನಲ್ಲಿ ಬಂದ ಮೊಸರಿನವಳು ಸೇರು ಅಳೆಯುತ್ತ ಹೇಳಿದಳು. "ಚಿಕ್ಕಹನುಮಂತಪ್ಪನ ನಾಯಿ ಚಿರತೆ ಬಾಯಿಗೆ ಹೋತಂತೆ ಅವ್ವಾರೆ. ಹೊಸ್ತಿಲ ಮುಂದೇ ಮಲಗಿತ್ತಂತೆ ಪಾಪ. ಒಳಗೆ ಹಸೇ ಕೂಸು."

ಮುರುಗೇಶಪ್ಪ ಮಧ್ಯಾಹ್ನದ ಬಸ್ಸಿಗೆ ಬಂದ. ಕಾಲು ತೊಳೆಯಲು ನೀರು ಕೊಡುವಾಗಲೇ ಅವಳು ಅಂದಳು.

"ರೀ, ಆ ಚಿರತೆ ಮ್ಯಾಲೆ ನಾನು ಪೆನ್ಸಿಲ್ ಆಡಿಸೀನಿ."

ಚೊಂಬು ಅವನ ಕೈಯಲ್ಲೇ ಇತ್ತು. "ಎಲ್ಲಿ?"

"ಕತ್ತಿಗೆ. ನೀವು ಹೊನ್ನಾಳಿಗೆ ಹೋದಾಗ. ಗೆರೆ ಇತ್ತು. ಮಡಿಕೆ ಅನ್ಕಂಡೆ."

"ಊರೆಲ್ಲ ಆಣೆ ಇಟ್ಕಂಡು ಬಂದೀನಲ್ಲೇ ನಾನು!"

"ಗೊತ್ತು."

"ಇನ್ನು ಯಾರ ಮುಂದೆ ಮುಖ ಎತ್ತಲಿ? ಅವರು ಆಡಿದ್ದೇ ನಿಜ ಆತು." ಚೊಂಬನ್ನು ಕಟ್ಟೆಯ ಮೇಲೆ ಕುಕ್ಕಿದ. ಆಮೇಲೆ ದನಿ ಇಳಿಸಿ, "ಮಡಿಕೆನೇ ಇರಬೇಕು ಬಿಡು. ಮುದಿ ಪ್ರಾಣಿ," ಎಂದ.

"ಕೂದಲಿರೋ ಮೈಗೆ ಎಲ್ಲಿ ಮಡಿಕೆ ಕಾಣ್ತೈತ್ರೀ? ಬೆಕ್ಕು ಹಿಡ್ದು ನೋಡೀನಿ ನಾನು." ಕೈಯ ಮೇಲಿನ ಪರಚು ಗಾಯ ತೋರಿಸಿದಳು. "ಅವನ ನಾಯಿ ಹೋಗೈತೆ. ನಗೋರು ನಗ್ಲಿ. ಒಳಗೆ ಕೂಸೈತೆ."

ಮುರುಗೇಶಪ್ಪ ಆ ಗಾಯವನ್ನೇ ನೋಡಿದ. ಕಾಲು ತೊಳೆಯದೆಯೇ ಸ್ಟುಡಿಯೊಗೆ ನಡೆದ.

ಪೆನ್ಸಿಲ್ ಹಿಡಿಯಲೆಂದು ಫಿಲ್ಮಿನ ಮೇಲೆ ಸವರಿದ ಮೆರುಗೆಣ್ಣೆ ಟರ್ಪೆಂಟೈನಿಗೆ ಬಿಡುತ್ತದೆ, ಜೊತೆಗೆ ಪೆನ್ಸಿಲ್ಲೂ ಬಿಡುತ್ತದೆ. ಒತ್ತಿ ಒರೆಸಿದರೆ ಫಿಲ್ಮೇ ಗೀಚಿಹೋಗುತ್ತದೆ. ಇದ್ದದ್ದು ಅದೊಂದೇ. "ನೀನೇ ಒರೆಸು," ಎಂದ ಅವನು, "ಹಾಕಿದ ಕೈಗೇ ತೆಗೆಯೋದೂ ಗೊತ್ತು." ಕಸ್ತೂರಮ್ಮ ಅರಳೆಯನ್ನು ಅದ್ದಿ, ಹಿಂಡಿ, ಕೂಸಿನ ಕಣ್ಣು ಒರೆಸುವ ಹಾಗೆ ಒರೆಸಿದಳು. ಒಂದು ಸಲ. ಎರಡು ಸಲ. ಅರಳೆ ಬೂದಿ ಬಣ್ಣಕ್ಕೆ ತಿರುಗಿತು. ತೆಳು ಗೆರೆ ಮತ್ತೆ ಬಂತು.

"ಈ ಸಲ ಯಾವ ಕಡೀಗೂ ಕತ್ತರಿಸಬ್ಯಾಡ್ರಿ. ಇದ್ದಷ್ಟೂ ಬರ್ಲಿ," ಎಂದಳು.

ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಇಬ್ಬರೂ ಟ್ರೇಯ ಮೇಲೆ ಬಗ್ಗಿ ನಿಂತರು. ಡೆವಲಪರಿನಲ್ಲಿ ಮೊದಲು ಚುಕ್ಕಿಗಳು ಮೂಡಿದವು, ಆಮೇಲೆ ಕಣ್ಣು, ಆಮೇಲೆ ಕತ್ತಿನ ಸುತ್ತ ಕಪ್ಪು ಗೆರೆ. ಅದು ಮಡಿಕೆಯಲ್ಲ, ಕೂದಲನ್ನು ಸೀಳಿ ಒಳಗೆ ಇಳಿದಿದ್ದ ಗೆರೆ. ಕಿವಿಯ ಹಿಂದೆ ತಂತಿಯ ಗಂಟು ಎದ್ದು ನಿಂತಿತ್ತು. ಮುರುಗೇಶಪ್ಪ ಇನ್ನಷ್ಟು ಬಗ್ಗಿದ. ಅವನು ನೋಡುತ್ತಿದ್ದದ್ದು ಕತ್ತನ್ನಲ್ಲ, ಕಾಗದದ ಅಂಚನ್ನು. ತಾನು ಒಣ ಬಳ್ಳಿಯೆಂದು ತೆಗೆದುಹಾಕಿದ್ದು ಚಿರತೆಯ ಮೈಯ ಆಚೆಯಿಂದ ಇಳಿದು ಬೆನ್ನ ಹಿಂದೆ ಬಂಡೆಯ ಮೇಲೆ ಚಾಚಿತ್ತು. ಅದರ ತುದಿಗೆ, ಚೂಪಾಗಿ ಕೆತ್ತಿದ ಒಂದು ಗೂಟ.

"ಬಳ್ಳಿ ಅಲ್ಲ ಕಣೇ," ಎಂದ. "ಉರುಲಿನ ತಂತಿ. ಗೂಟದ ಸಮೇತ ಕಿತ್ಕಂಡು ಬಂದೈತೆ."

ಅರೆ ಒಣಗಿದ ಫೋಟೊವನ್ನು ಪೇಪರಿನಲ್ಲಿ ಸುತ್ತಿಕೊಂಡು ಇಬ್ಬರೂ ಅರಣ್ಯದ ಆಫೀಸಿಗೆ ಬಸ್ಸು ಹತ್ತಿದರು. ಸಾಹೇಬರು ಊಟ ಮುಗಿಸಿ ಬಂದು ಕೂತಿದ್ದರು. ಹೊಸ ಫೋಟೊ ನೋಡಿದರು, ತಿರುಗಿ ಗೋಡೆಯದನ್ನು ನೋಡಿದರು, ಮತ್ತೆ ಇದನ್ನು ನೋಡಿದರು.

"ಏನ್ರೀ ಇದು? ಯಾವುದ್ರೀ ನಿಜ?"

"ಈ ಕೈಯಾಗಿರೋದು ನಿಜ ಸಾಹೇಬ್ರೆ," ಎಂದ ಮುರುಗೇಶಪ್ಪ. "ಆ ಗೋಡೆ ಮ್ಯಾಲಿಂದು ನಾವು ಗಂಡ ಹೆಂಡ್ತಿ ಸೇರಿ ಮಾಡಿದ್ದು."

ಸಾಹೇಬರು ಫೋನು ತಿರುಗಿಸಿದರು. ಬೋನು ಬರಲು ಎರಡು ದಿನ ಬೇಕು ಎಂದರು.

ಎರಡು ದಿನ! ಕಸ್ತೂರಮ್ಮ ಮನೆಯ ಬಸ್ಸು ಹತ್ತಲು ಒಪ್ಪಲಿಲ್ಲ. ಹೊತ್ತು ಇಳಿಯುವ ಮೊದಲು ಉಬ್ರಾಣಿ ಮುಟ್ಟಿ, ಹೊಲದ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ಪೊದೆ ಅಲ್ಲಾಡಿದಲ್ಲೆಲ್ಲ ಗಂಡನ ಅಂಗಿ ಹಿಡಿಯುತ್ತಿದ್ದಳು. ಗುಡಿಸಲಿನ ಮುಂದೆ ನಾಯಿಯ ಹಗ್ಗ ಖಾಲಿ ಬಿದ್ದಿತ್ತು. ಚಿಕ್ಕಹನುಮಂತಪ್ಪ ತಡಿಕೆಗೆ ಮುಳ್ಳಿನ ಕೊಂಬೆ ಕಟ್ಟುತ್ತಿದ್ದ.

"ಹನುಮಂತಪ್ಪ, ನಿನ್ ಕಣ್ಣಿಗೆ ಏನೂ ಆಗಿಲ್ಲಪ್ಪ. ತಂತಿ ಐತೆ. ಮುಚ್ಚಿದೋಳು ನಾನು," ಎಂದು ಅವಳು ಒಂದೇ ಉಸಿರಿಗೆ ಹೇಳಿದಳು.

ಅವನಿಗೆ ಅರ್ಥವಾಗಲಿಲ್ಲ. ಫೋಟೊ ಬಿಡಿಸಿ ತೋರಿಸಿದರು. ಗೂಟದ ಮೇಲೆ ಬೆರಳಿಟ್ಟು ನೋಡಿದ, ಕತ್ತಿನ ಮೇಲೆ ಬೆರಳಿಟ್ಟು ನೋಡಿದ. "ಅಲ್ಲವ್ವಾರೆ," ಎಂದ, "ಮೂರು ದಿನದಿಂದ ನಾನು ಕತ್ಲಾದ್ರೆ ಮೇಕೆ ಎಣಿಸಿಲ್ಲ. ಕಣ್ಣು ಹೋದ ಮ್ಯಾಲೆ ಎಣಿಸಾಕೆ ಹೋಗಿ ತಪ್ಪಿದ್ರೆ ಅಂತ." ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಕಡೇ ಬಸ್ಸಿಗೆ ತಿಪ್ಪಮ್ಮನನ್ನೂ ಕೂಸನ್ನೂ ಕರೆದುಕೊಂಡು ಬಂದಳು. ಚಿಕ್ಕಹನುಮಂತಪ್ಪ ಮೇಕೆಗಳನ್ನು ಊರೊಳಗಿನ ಅಣ್ಣನ ಹಟ್ಟಿಗೆ ಹೊಡೆದುಕೊಂಡು ಹೋಗಿ ಅಲ್ಲಿಯೇ ಮಲಗಿದ. ಬೆಳಗ್ಗೆ ಬಂದು ನೋಡಿದರೆ ಮುಳ್ಳು ಕಟ್ಟಿದ್ದ ತಡಿಕೆ ಒಳಕ್ಕೆ ಮುರಿದು ಬಿದ್ದಿತ್ತು. ತೊಟ್ಟಿಲು ಕಟ್ಟಿದ್ದ ಸೀರೆ ಅಂಗಳದಲ್ಲಿ ಚೂರಾಗಿತ್ತು. ಆ ಸುದ್ದಿ ಮೊಸರಿನವಳ ಜೊತೆ ಬಂದಾಗ ತಿಪ್ಪಮ್ಮ ಅತ್ತಳು. ಕಸ್ತೂರಮ್ಮನಿಗೆ ಅಳು ಬರಲಿಲ್ಲ, ಮಲಗಿದ್ದ ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು.

ಬೋನು ಬಂದ ದಿನವೇ ಚಿರತೆ ಬಿತ್ತು. ಡಾಕ್ಟರು ಮತ್ತಿನ ಸೂಜಿ ಚುಚ್ಚಿ ತಂತಿ ಕತ್ತರಿಸಿ ತೆಗೆದರಂತೆ. ಗಾಯದಲ್ಲಿ ಹುಳ ಬಿದ್ದಿತ್ತಂತೆ. ಗಾಯ ಮಾಗಿಸಿ ಯಾವುದೋ ದೂರದ ಕಾಡಿಗೆ ಬಿಟ್ಟರು ಎಂದು ಕೆಲವರು, ದಾರಿಯಲ್ಲೇ ಸತ್ತಿತು ಎಂದು ಕೆಲವರು. ನಿಜ ಯಾವುದೆಂದು ಯಾರೂ ಬಂದು ಹೇಳಲಿಲ್ಲ. ಅದು ಅವಳ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು. ಗಾಜಿನ ಪೆಟ್ಟಿಗೆಯಲ್ಲಿ ಮುರುಗೇಶಪ್ಪ ಗೂಟ, ತಂತಿ ಎಲ್ಲ ಕಾಣುವ ಫೋಟೊವನ್ನೇ ಇಟ್ಟ. ಅದರ ಮುಂದೆ ಸೈಕಲ್ಲುಗಳು ಹೆಚ್ಚು ನಿಲ್ಲುತ್ತಿರಲಿಲ್ಲ. "ಮೊದಲಿಂದೇ ಚೆಂದಿತ್ತು ಬಿಡ್ರಿ," ಎಂದು ಸರ್ವಮಂಗಳಮ್ಮ ಹೋಗುತ್ತ ಬರುತ್ತ ಹೇಳಿದಳು.

ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ತಿಪ್ಪಮ್ಮ ಗಂಡನ ಮನೆಗೆ ಹೋಗುವ ದಾರಿಯಲ್ಲಿ ಕೂಸಿನ ಫೋಟೊ ತೆಗೆಸಿಕೊಂಡು ಹೋಗಲೆಂದು ಬಂದಳು. ಮುರುಗೇಶಪ್ಪ ಕೂಸನ್ನು ದಿಂಬಿನ ಮೇಲೆ ಬೋರಲು ಹಾಕಿ, ಗಿಲಕಿ ಆಡಿಸಿ, ಅದು ತಲೆ ಎತ್ತಿದಾಗ ಉಂಡೆ ಹಿಚುಕಿದ. ನೆಗೆಟಿವ್ ಒಣಗಿ ಡೆಸ್ಕಿಗೆ ಬಂತು. ಕಸ್ತೂರಮ್ಮ ಮಸೂರ ಹಿಡಿದಳು. ಕತ್ತಿನ ಸುತ್ತ ತೆಳು ಗೆರೆ. ಒಂದಲ್ಲ, ಮೂರು.

ಅವಳು ಎದ್ದು ಪರದೆ ಸರಿಸಿ ಹೊರಗೆ ಬಂದಳು. ತಿಪ್ಪಮ್ಮನ ತೊಡೆಯ ಮೇಲಿನಿಂದ ಕೂಸನ್ನು ಎತ್ತಿಕೊಂಡು ಬೀದಿಯ ಬೆಳಕಿಗೆ ತಂದು, ಗದ್ದ ಎತ್ತಿ, ಮಡಿಕೆ ಮಡಿಕೆಯೊಳಗೆ ಕಿರುಬೆರಳು ಇಳಿಸಿ ನೋಡಿದಳು. ಕೂಸು ಕಚಗುಳಿಯಾಗಿ ಕೇಕೆ ಹಾಕಿತು.

"ಏನ್ ನೋಡ್ತೀರವ್ವಾರೆ?" ಎಂದಳು ತಿಪ್ಪಮ್ಮ, ಗಾಬರಿಯಿಂದ.

"ಏನಿಲ್ಲ ತಾಯಿ," ಎಂದು ಕಸ್ತೂರಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಬೆರಳಿಗೆ ಅಂಟಿದ್ದು ಬರೀ ಪೌಡರು.